ಸಮೀಪದೃಷ್ಟಿಯ ಚರಿತ್ರೆ: ಬೆಳೆಯುವ ಮಕ್ಕಳ ನೇತ್ರಪಟಲಗಳನ್ನು ಕುರಿತು

ನಮ್ಮ ವಿವಾಹವಿಧಿಯಲ್ಲಿ ವಧುವಿಗೆ ಅರುಂಧತೀನಕ್ಷತ್ರವನ್ನು ತೋರಿಸುವ ಪದ್ಧತಿಯುಂಟಷ್ಟೆ. ಸಪ್ತರ್ಷಿಮಂಡಲದ ಬಾಲದ ತುದಿಯಿಂದ ಎರಡನೆಯವನಾದ ವಸಿಷ್ಠನ ಮಗ್ಗುಲಲ್ಲಿ ಮಿನುಗುವ ಆ ಕಿರುಚುಕ್ಕೆಯನ್ನು ಗುರುತಿಸಲು ಕಣ್ಣು ಚುರುಕಾಗಿರಬೇಕು. ಚರಕಸಂಹಿತೆಯ ಇಂದ್ರಿಯಸ್ಥಾನದಲ್ಲಿ ಅರುಂಧತಿಯನ್ನು ಕಾಣಲಾರದೆ ಹೋಗುವುದನ್ನು ಮರಣಸೂಚಕವಾದ ಅರಿಷ್ಟಗಳಲ್ಲಿ ಒಂದಾಗಿ ಎಣಿಸಿದ್ದಾರೆ. ಶಾಸ್ತ್ರಕಾರರು ಹೀಗೆ ಬರೆಯಬೇಕಾದರೆ, ಅವರ ಕಾಲದಲ್ಲಿ ದೇಹಸ್ವಾಸ್ಥ್ಯವುಳ್ಳವರೊಳಗೆ ಆ ನಕ್ಷತ್ರವನ್ನು ಕಾಣದವರು ಬಹು ವಿರಳರಾಗಿದ್ದಿರಬೇಕೆಂದು ಊಹಿಸುವುದು ಅನುಚಿತವಾಗಲಾರದು. ಇಂದೋ ಎಂದರೆ, ಹಾಸನದಲ್ಲಾಗಲಿ ಚನ್ನರಾಯಪಟ್ಟಣದಲ್ಲಾಗಲಿ ಯಾವುದಾದರೊಂದು ಪ್ರೌಢಶಾಲೆಯ ಬಾಗಿಲಲ್ಲಿ ಸಂಜೆ ನಿಂತು ನೋಡಿದರೆ, ಅರುಂಧತಿಯ ಮಾತಿರಲಿ, ಕನ್ನಡಕವಿಲ್ಲದೆ ಕರಿಹಲಗೆಯ ಮೇಲಿನ ಅಕ್ಷರವನ್ನೇ ಕಾಣಲಾರದ ಮಕ್ಕಳು ಹಲವರು ನಮ್ಮ ಮುಂದೆ ಹಾದುಹೋಗುವರು.

ಹತ್ತಿರದ ವಸ್ತು ಸ್ಫುಟವಾಗಿ ಕಂಡು ದೂರದ್ದು ಮಬ್ಬಾಗುವ ಈ ದೋಷಕ್ಕೆ ಸಮೀಪದೃಷ್ಟಿಯೆಂದು ಹೆಸರು. ಇದನ್ನು ನೋಟದ ದೋಷವೆಂದು ಜನರು ಬಹುಕಾಲ ಬಗೆದರು. ಇಂದೂ ಅನೇಕ ಗೃಹಸ್ಥರು ಹಾಗೆಯೇ ಬಗೆಯುತ್ತಾರೆ. ವಾಸ್ತವವಾಗಿ ಇದು ಬೆಳವಣಿಗೆಯ ದೋಷ. ಮಗುವಿನ ಕಣ್ಣಿನ ಗೋಲವೇ ಮಿತಿಮೀರಿ ಉದ್ದವಾಗಿ, ಅದರ ಪಟಲಗಳು ತೆಳುವಾಗುತ್ತಾ ಹೋಗುವುದರಿಂದ ಹುಟ್ಟತಕ್ಕದ್ದು. ಕನ್ನಡಕವು ನೋಟವನ್ನು ಸರಿಪಡಿಸುವುದೇ ಹೊರತು ಉದ್ದವಾದ ಗೋಲವನ್ನು ಹಿಂದಕ್ಕೆ ತರಲಾರದು. ಈ ಒಂದು ತಿಳಿವಳಿಕೆಗೆ ಮನುಷ್ಯನು ಹೇಗೆ ಬಂದನು, ಅದರಿಂದ ನಮ್ಮ ಮನೆಗಳ ಮಕ್ಕಳಿಗೆ ಆಗಬೇಕಾದ ಪ್ರಯೋಜನವೇನು, ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

೧. ಪ್ರಾಚೀನರ ವಿಚಾರ

ಸುಶ್ರುತಸಂಹಿತೆಯ ಉತ್ತರತಂತ್ರವು ನೇತ್ರವಿಚಾರದಿಂದಲೇ ಆರಂಭವಾಗುತ್ತದೆ. ಅಲ್ಲಿ ೭೬ ನೇತ್ರರೋಗಗಳನ್ನು ಎಣಿಸಿದೆ. ಕಣ್ಣಿಗೆ ಐದು ಮಂಡಲಗಳನ್ನೂ, ಆರು ಸಂಧಿಗಳನ್ನೂ, ಆರು ಪಟಲಗಳನ್ನೂ ಹೇಳಿದೆ. ಪಟಲಗಳಲ್ಲಿ ಎರಡು ರೆಪ್ಪೆಗಳಿಗೆ ಸೇರಿದುವು, ನಾಲ್ಕು ಗೋಲಕ್ಕೆ ಸೇರಿದುವು. ‘ದೃಷ್ಟಿ’ಯೆಂಬ ಭಾಗವು ಮಸೂರದ ಬೇಳೆಯಷ್ಟಿರುವುದೆಂದು ಅದರ ಪ್ರಮಾಣವನ್ನು ಕೊಟ್ಟಿದೆ. ನಮ್ಮ ಕಡೆಯಲ್ಲಿ ಚನ್ನಂಗಿ ಬೇಳೆಯೆನ್ನುವುದು ಈ ಮಸೂರವನ್ನೇ. ಲ್ಯಾಟಿನ್ ಭಾಷೆಯ ‘ಲೆನ್ಸ್’ ಎಂಬ ಶಬ್ದಕ್ಕೂ ಇದೇ ಬೇಳೆಯೆಂಬುದೇ ಮೂಲಾರ್ಥ. ಎರಡು ದೂರದೇಶಗಳ ವಿದ್ವಾಂಸರಿಗೆ ಕಣ್ಣನ್ನು ಕುರಿತು ಮಾತನಾಡುವಾಗ ಒಂದೇ ಬೇಳೆಯು ನೆನಪಿಗೆ ಬಂದುದು ವಿನೋದವಾಗಿದೆ.

ದೋಷಗಳು ಎರಡನೆಯ ಪಟಲವನ್ನು ಹೊಕ್ಕಾಗ ದೂರದ ವಸ್ತುವು ಹತ್ತಿರವಿದ್ದಂತೆಯೂ ಹತ್ತಿರದ್ದು ದೂರವಿದ್ದಂತೆಯೂ ತೋರುವುದೆಂದೂ, ರೋಗಿಯು ಸೂಜಿಯ ಕಣ್ಣನ್ನು ಕಾಣಲಾರನೆಂದೂ ಸುಶ್ರುತನು ಹೇಳುತ್ತಾನೆ. ಇದನ್ನು ಸಮೀಪದೃಷ್ಟಿಯ ವರ್ಣನೆಯೆಂದು ಅರ್ಥಮಾಡಿದವರೂ ಉಂಟು. ಆದರೆ ವಿಚಾರಮಾಡಿ ನೋಡಿದರೆ ಅದು ಹೊಂದುವುದಿಲ್ಲ. ಸಮೀಪದೃಷ್ಟಿಯುಳ್ಳ ಹುಡುಗಿಯು ಕನ್ನಡಕವನ್ನು ತೆಗೆದಿಟ್ಟು, ಸೂಜಿಯನ್ನು ಮುಖದ ಬಳಿಗೆ ತಂದು, ಮನೆಯವರೆಲ್ಲರಿಗಿಂತ ಮೊದಲು ದಾರವನ್ನು ಪೋಣಿಸಬಲ್ಲಳು. ಸೂಜಿಯ ಕಣ್ಣು ಕಾಣದಿರುವುದು ಮುಪ್ಪಿನ ಕಣ್ಣಿಗೋ, ಪೊರೆ ಕಟ್ಟತೊಡಗಿದ ಕಣ್ಣಿಗೋ ತಕ್ಕ ಲಕ್ಷಣ. ತಿಮಿರವು ಮುಂದುವರಿದು ಲಿಂಗನಾಶದಲ್ಲಿ ಕೊನೆಗಾಣುವುದೆಂಬ ಸುಶ್ರುತನ ಕ್ರಮವನ್ನು ನೋಡಿದರೂ, ಆತನ ದೃಷ್ಟಿಯಲ್ಲಿದ್ದುದು ಹೆಚ್ಚಾಗಿ ಪೊರೆಯ ರೋಗವೆಂದೇ ತೋರುತ್ತದೆ. ಆದುದರಿಂದ ಪ್ರಾಚೀನರು ಎಲ್ಲವನ್ನೂ ಬಲ್ಲವರಾಗಿದ್ದರೆಂಬ ವಾದವನ್ನು ಇಲ್ಲಿ ಹೂಡುವುದಿಲ್ಲ. ಕಣ್ಣಿನ ರೋಗವನ್ನು ಅದರ ಪಟಲಗಳಲ್ಲಿ ಹುಡುಕಬೇಕೆಂಬ ಅವರ ಮಾರ್ಗವು ಮಾತ್ರ ಸ್ಮರಣೀಯವಾದುದು.

೨. ಕಿವಿಯ ವಿದ್ಯೆ, ಬಯಲಿನ ವಿದ್ಯೆ

ಸಮೀಪದೃಷ್ಟಿಯು ನಮ್ಮ ಹಿಂದಿನವರ ಗಮನವನ್ನು ಅಷ್ಟಾಗಿ ಸೆಳೆಯದಿರಲು ಅವರ ವಿದ್ಯಾಭ್ಯಾಸದ ರೀತಿಯೂ ಒಂದು ಕಾರಣವಾಗಿದ್ದಿರಬಹುದು. ಅಗ್ರಹಾರಗಳಲ್ಲಿ ವೇದಪಾಠವು ಕಿವಿಯಿಂದ ಬಾಯಿಗೆ ನಡೆಯತಕ್ಕದ್ದು. ಗುರುವು ಹೇಳಿದುದನ್ನು ಶಿಷ್ಯನು ಸಂತೆ ಹೇಳಿ ಕಂಠಸ್ಥಮಾಡುವನು. ತಾಳೆಗರಿಯನ್ನು ಓದುವವರು ಕೆಲವರು, ಬರೆಯುವವರು ಇನ್ನೂ ಕೆಲವರು. ಮುಂದೆ ಊರೂರುಗಳಲ್ಲಿ ಇದ್ದ ಕೂಲಿಮಠಗಳಲ್ಲಿಯೂ ಮಕ್ಕಳು ಜಗಲಿಯಲ್ಲಿ ಹಗಲಿನ ಬೆಳಕಿನಲ್ಲಿ ಕುಳಿತು, ಮರಳಿನ ಮೇಲೆ ಬೆರಳಿನಿಂದ ದೊಡ್ಡ ದೊಡ್ಡ ಅಕ್ಷರಗಳನ್ನು ತಿದ್ದುತ್ತಿದ್ದರು. ಮಗ್ಗಿಯನ್ನೂ ಬಾಯಿಲೆಕ್ಕವನ್ನೂ ಕೂಗಿ ಹೇಳುತ್ತಿದ್ದರು. ಹಾಗೆಂದು ಸೂಕ್ಷ್ಮಕರ್ಮವು ಆ ಕಾಲದಲ್ಲಿ ಇರಲಿಲ್ಲವೆಂದಲ್ಲ. ೧೧೧೭ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ದೇವಾಲಯದ ಮದನಿಕೆಯರ ಆಭರಣಗಳನ್ನು ಕಡೆದ ಕೈಗಳ ಹಿಂದೆ ಎಂಥ ಕಣ್ಣುಗಳು ಇದ್ದಿರಬೇಕು! ಶ್ರವಣಬೆಳಗೊಳದ ಬಂಡೆಗಳ ಮೇಲಿನ ನೂರಾರು ಶಾಸನಗಳೂ ಇದಕ್ಕೆ ಸಾಕ್ಷಿ. ಆ ಶಿಲ್ಪಿಗಳ ಕಣ್ಣಿನ ಸ್ಥಿತಿಯನ್ನು ಯಾವ ಶಾಸನವೂ ಹೇಳದು. ಅವರ ಕೆಲಸವು ಬಹುಮಟ್ಟಿಗೆ ಬಯಲ ಬೆಳಕಿನಲ್ಲಿ ನಡೆಯಿತೆಂಬುದನ್ನು ಮಾತ್ರ ಇಲ್ಲಿ ನೆನಪಿನಲ್ಲಿಡಬೇಕು. ಇದರ ಪ್ರಯೋಜನ ಮುಂದೆ ತಿಳಿಯುವುದು.

ಕನ್ನಡಕವು ನಮ್ಮ ನಾಡಿಗೆ ಬಂದ ಕಥೆಯೂ ಸ್ವಾರಸ್ಯವುಳ್ಳದ್ದು. ವಿಜಯನಗರದ ರಾಜಗುರುಗಳಾಗಿದ್ದು ೧೫೩೯ರಲ್ಲಿ ಬೃಂದಾವನಸ್ಥರಾದ ಶ್ರೀ ವ್ಯಾಸರಾಯರು ಗ್ರಂಥಾವಲೋಕನದಲ್ಲಿ ಉಪನೇತ್ರವನ್ನು ಬಳಸುತ್ತಿದ್ದರೆಂಬುದಕ್ಕೆ ಸೋಮನಾಥಕವಿಯ ‘ವ್ಯಾಸಯೋಗಿಚರಿತ’ದಲ್ಲಿ ಆಧಾರವಿರುವುದನ್ನು ಸಂಶೋಧಕ ಪಿ. ಕೆ. ಗೋಡೆಯವರು ಎತ್ತಿ ತೋರಿಸಿದ್ದಾರೆ. ಭಾರತದಲ್ಲಿ ಕನ್ನಡಕದ ಉಪಯೋಗಕ್ಕೆ ದೊರೆತಿರುವ ಬಹು ಹಳೆಯ ಉಲ್ಲೇಖಗಳಲ್ಲಿ ಇದೊಂದು. ಅದು ವಯಸ್ಸಾದ ಯತಿಗಳು ಓದುವುದಕ್ಕಾಗಿ ಧರಿಸಿದ ಉಬ್ಬುಗಾಜೆಂದೇ ಊಹಿಸಬೇಕು. ಸಮೀಪದೃಷ್ಟಿಗೆ ಬೇಕಾದ ತಗ್ಗುಗಾಜು ಬೇರೆ. ಐರೋಪ್ಯದೇಶದಲ್ಲಿಯೂ ಉಬ್ಬುಗಾಜಿನ ಕನ್ನಡಕವು ೧೩ನೆಯ ಶತಮಾನದ ಕೊನೆಯಲ್ಲಿ ಬಂದರೆ, ತಗ್ಗುಗಾಜು ಬಳಕೆಗೆ ಬಂದುದು ೧೫ನೆಯ ಶತಮಾನದಲ್ಲಿ.

೩. ಗಾಜಿನಿಂದ ಗೋಲಕ್ಕೆ

ಗ್ರೀಕರು ಈ ದೋಷವುಳ್ಳವನಿಗೆ ‘ಕಣ್ಣು ಮುಚ್ಚಿಕೊಳ್ಳುವವ’ನೆಂಬ ಅರ್ಥದ ಹೆಸರನ್ನು ಕೊಟ್ಟರು, ದೂರದ್ದನ್ನು ನೋಡುವಾಗ ರೆಪ್ಪೆಗಳನ್ನು ಕಿರಿದುಮಾಡುವುದರಿಂದ ಬಂದ ಹೆಸರದು. ಇಂದೂ ತಾಯಂದಿರು ಮಕ್ಕಳಲ್ಲಿ ಮೊದಲು ಗುರುತಿಸುವ ಲಕ್ಷಣ ಇದೇ. ತಗ್ಗುಗಾಜು ಏಕೆ ಫಲಕಾರಿಯಾಗುವುದೆಂಬುದನ್ನು ಮೊದಲು ವಿವರಿಸಿದವನು ಗ್ರಹಗಳ ಗತಿಯನ್ನು ಕಂಡುಹಿಡಿದ ಯೋಹಾನೆಸ್ ಕೆಪ್ಲರನು. ೧೬೦೪ರ ತನ್ನ ಗ್ರಂಥದಲ್ಲಿ ಆತನು, ಹೊರಗಿನ ವಸ್ತುವಿನ ಬಿಂಬವು ಕಣ್ಣಿನ ಹಿಂಭಾಗದ ಅಕ್ಷಿಪಟಲದ ಮೇಲೆ ತಲೆಕೆಳಗಾಗಿ ಬೀಳುವುದೆಂದೂ, ಸಮೀಪದೃಷ್ಟಿಯಲ್ಲಿ ದೂರದ ವಸ್ತುವಿನ ಕಿರಣಗಳು ಆ ಪಟಲವನ್ನು ಮುಟ್ಟುವ ಮೊದಲೇ ಕೂಡಿಬಿಡುವುವೆಂದೂ ತಿಳಿಸಿದನು. ಕಿರಣಗಳನ್ನು ಸ್ವಲ್ಪ ಚದುರಿಸಿ ಹಿಂದಕ್ಕೆ ತಳ್ಳುವುದೇ ತಗ್ಗುಗಾಜಿನ ಕೆಲಸ.

ಆದರೆ ಕಿರಣಗಳು ಮುಂದೆಯೇ ಕೂಡುವುದಕ್ಕೆ ಮಸೂರದ ಅತಿಶಕ್ತಿ ಕಾರಣವೋ, ಗೋಲದ ಅತಿದೈರ್ಘ್ಯ ಕಾರಣವೋ ಎಂಬ ಪ್ರಶ್ನೆಯು ಎರಡೂವರೆ ಶತಮಾನ ಉಳಿಯಿತು. ಇಟಲಿಯ ಶಾರೀರವಿದ್ವಾಂಸ ಅಂಟೋನಿಯೊ ಸ್ಕಾರ್ಪನು ೧೮೦೧ರಲ್ಲಿ, ಹಿಂಭಾಗವು ಚೀಲದಂತೆ ಉಬ್ಬಿದ ಕಣ್ಣುಗಳನ್ನು ವರ್ಣಿಸಿದನು. ಅದಕ್ಕೂ ಸಮೀಪದೃಷ್ಟಿಗೂ ಇರುವ ಸಂಬಂಧವು ಆತನಿಗೆ ಹೊಳೆಯಲಿಲ್ಲ. ೧೮೫೦ರ ದಶಕದಲ್ಲಿ ಆಸ್ಟ್ರಿಯದ ವೈದ್ಯ ಫಾನ್ ಆರ್ಲ್ಟನು ಮೃತರ ಕಣ್ಣುಗಳನ್ನು ಕೊಯ್ದು ಅಳೆದು, ಸಮೀಪದೃಷ್ಟಿಯವರ ಗೋಲವು ಹಿಂದುಮುಂದಾಗಿ ಉದ್ದವಾಗಿರುವುದನ್ನು ಸ್ಥಾಪಿಸಿದನು. ಅದೇ ಸಮಯದಲ್ಲಿ, ೧೮೫೧ರಲ್ಲಿ, ಹೆಲ್ಮ್‌ಹೋಲ್ಟ್ಸನು ಬದುಕಿರುವವರ ಕಣ್ಣಿನ ಒಳತಳವನ್ನು ನೋಡುವ ನೇತ್ರದರ್ಶಕವನ್ನು ಪ್ರಕಟಿಸಿದನು. ಅಲ್ಲಿಂದ ಮುಂದೆ ವೈದ್ಯರು ಪಟಲಗಳ ವಿಕಾರವನ್ನು ಮರಣದವರೆಗೆ ಕಾಯದೆ ಕಣ್ಣಾರೆ ಕಾಣುವಂತಾಯಿತು. ಹಾಲೆಂಡಿನ ಸ್ನೆಲ್ಲೆನನು ೧೮೬೨ರಲ್ಲಿ ರಚಿಸಿದ ಅಕ್ಷರಪಟವು ಇಂದಿಗೂ ನಮ್ಮ ಆಸ್ಪತ್ರೆಗಳ ಗೋಡೆಯ ಮೇಲಿದೆ.

ಇನ್ನು ಶಾಲೆಯ ಮಾತು. ಅಂದಿನ ಜರ್ಮನಿಯ ಬ್ರೆಸ್ಲೌ ನಗರದ ಹೆರ್ಮನ್ ಕೋನ್ ಎಂಬ ವೈದ್ಯನು ೧೦,೦೬೦ ಮಂದಿ ಶಾಲಾಬಾಲಕರ ಕಣ್ಣುಗಳನ್ನು ಪರೀಕ್ಷಿಸಿ ೧೮೬೭ರಲ್ಲಿ ಫಲವನ್ನು ಪ್ರಕಟಿಸಿದನು. ಹಳ್ಳಿಯ ಶಾಲೆಗಳಲ್ಲಿ ಸಮೀಪದೃಷ್ಟಿಯವರು ನೂರಕ್ಕೆ ಒಂದೂವರೆಯಷ್ಟೂ ಇಲ್ಲ. ವಿಶ್ವವಿದ್ಯಾನಿಲಯಕ್ಕೆ ಸಿದ್ಧಪಡಿಸುವ ದೊಡ್ಡ ಶಾಲೆಗಳಲ್ಲಿ ನೂರಕ್ಕೆ ೨೬ ಮಂದಿ. ತರಗತಿ ಏರಿದಂತೆಲ್ಲ ದೋಷವುಳ್ಳವರ ಸಂಖ್ಯೆಯೂ ಏರುತ್ತಿತ್ತು. ಶಾಲೆಯ ಕಿಟಕಿ, ಮೇಜು, ಅಚ್ಚಿನ ಅಕ್ಷರದ ಗಾತ್ರ ಇವುಗಳ ಚರ್ಚೆಯು ಸುಧಾರಿತ ದೇಶಗಳಲ್ಲಿ ತೀವ್ರವಾದುದು ಅಂದಿನಿಂದ.

೪. ಮೈಸೂರು ಸೀಮೆಯಲ್ಲಿ

ಕೋನನ ಗ್ರಂಥವು ಹೊರಬಿದ್ದ ಮರುವರ್ಷವೇ, ಅಂದರೆ ೧೮೬೮ರಲ್ಲಿ, ನಮ್ಮ ಸಂಸ್ಥಾನದಲ್ಲಿ ವಿದ್ಯಾಭ್ಯಾಸದ ಇಲಾಖೆಯಲ್ಲಿದ್ದ ಬಿ. ಎಲ್. ರೈಸರು ಹೋಬಳಿಗೊಂದು ಶಾಲೆಯೆಂಬ ಯೋಜನೆಯನ್ನು ಮುಂದಿಟ್ಟರು. ಅಚ್ಚಿನ ಕನ್ನಡವು ಅದಕ್ಕೆ ಮೊದಲೇ ನಾಡಿಗೆ ಬಂದಿತ್ತು. ಮಂಗಳೂರ ಸಮಾಚಾರವು ಹೊರಟುದು ೧೮೪೩ರಲ್ಲಿ. ೧೯೧೩ರಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ಕಾಯಿದೆಯೂ, ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಬಂದುವು. ಕಿವಿಯಲ್ಲಿದ್ದ ವಿದ್ಯೆಯು ಹೀಗೆ ಕಣ್ಣಿಗೆ ಇಳಿಯಿತು. ಜಗಲಿಯಲ್ಲಿದ್ದ ಮಕ್ಕಳು ಕೊಠಡಿಯೊಳಗೆ ಸೇರಿದರು. ಇದು ನಾಡಿಗೆ ಆದ ಮಹೋಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆಯುಷ್ಯವನ್ನು ಪಾಠಹೇಳುವುದರಲ್ಲಿ ಸವೆಸಿದ ಈ ಲೇಖಕನು ವಿದ್ಯೆಯನ್ನು ದೂಷಿಸಲು ಹೊರಟಿಲ್ಲ. ಆದರೆ ಉಪಕಾರದ ಜೊತೆಯಲ್ಲಿ ಬಂದ ಖರ್ಚಿನ ಲೆಕ್ಕವನ್ನೂ ನೋಡುವುದು ಗೃಹಸ್ಥಧರ್ಮ.

ಆ ಲೆಕ್ಕವು ಬಹುಕಾಲ ನಮ್ಮ ಕಣ್ಣಿಗೆ ಬೀಳದಿರಲು ಇನ್ನೊಂದು ಕಾರಣವುಂಟು: ಇದಕ್ಕಿಂತ ಘೋರವಾದ ನೇತ್ರವ್ಯಾಧಿಗಳು ನಾಡನ್ನು ಮುತ್ತಿದ್ದುವು. ಸಿಡುಬಿನಿಂದ ಕಣ್ಣು ಕಳೆದುಕೊಂಡವರು, ಅನ್ನಾಂಗದ ಕೊರತೆಯಿಂದ ಇರುಳುಗಣ್ಣಾಗಿ ಕೊನೆಗೆ ಕುರುಡಾದ ಶಿಶುಗಳು, ಪೊರೆ ಬಂದು ಮೂಲೆ ಸೇರಿದ ಮುದುಕರು ಎಲ್ಲೆಡೆಯಲ್ಲಿಯೂ ಇದ್ದರು. ೧೮೯೬ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಸಣ್ಣ ನೇತ್ರಚಿಕಿತ್ಸಾಲಯವಾಗಿ ಆರಂಭವಾಗಿ, ೧೯೧೩ರಲ್ಲಿ ಸ್ವಂತ ಕಟ್ಟಡಕ್ಕೆ ಬಂದ ಮಿಂಟೋ ಆಸ್ಪತ್ರೆಗೆ ನಮ್ಮ ಜಿಲ್ಲೆಯಿಂದಲೂ ಜನರು ಹೋಗುತ್ತಿದ್ದುದು ಹೆಚ್ಚಾಗಿ ಇಂಥ ವ್ಯಾಧಿಗಳಿಗಾಗಿಯೇ. ಬೀಳಗಿಯಲ್ಲಿ ಜನಿಸಿದ ಡಾಕ್ಟರ್ ಎಂ. ಸಿ. ಮೋದಿಯವರು (೧೯೧೬–೨೦೦೫) ಊರೂರಿಗೆ ಹೋಗಿ ಶಿಬಿರಗಳನ್ನು ನಡೆಸಿ, ೧೯೬೮ರಲ್ಲಿ ತಿರುಪತಿಯಲ್ಲಿ ಒಂದೇ ದಿನದಲ್ಲಿ ೮೩೩ ಪೊರೆಗಳನ್ನು ತೆಗೆದುದು ನಮ್ಮ ಹಿರಿಯರ ನಾಲಗೆಯ ಮೇಲೆ ಇದ್ದ ವಾರ್ತೆ. ಮುದುಕನ ಕುರುಡು ಊರಿಗೆಲ್ಲ ಕಾಣುವುದು. ಮಗುವಿನ ಮಬ್ಬು ಆ ಮಗುವಿಗೂ ತಿಳಿಯದು. ಲೋಕವೆಲ್ಲ ಹೀಗೆಯೇ ಮಬ್ಬಾಗಿರುವುದೆಂದೇ ಅದು ನಂಬಿರುತ್ತದೆ.

ಇದರ ಫಲವನ್ನು ಉಪಾಧ್ಯಾಯರಾದವರು ಬಲ್ಲರು. ಹಿಂದಿನ ಬೆಂಚಿನ ಹುಡುಗನು ಹಲಗೆಯನ್ನು ನೋಡದೆ ಪಕ್ಕದವನ ಪುಸ್ತಕವನ್ನು ನೋಡಿ ಬರೆದುಕೊಳ್ಳುವನು. ಬಾಯಿಪಾಠದಲ್ಲಿ ಮುಂದು, ಹಲಗೆಯ ಲೆಕ್ಕದಲ್ಲಿ ಹಿಂದು. ಚೆಂಡಾಟದಲ್ಲಿ ಯಾರೂ ಅವನನ್ನು ಸೇರಿಸಿಕೊಳ್ಳುವುದಿಲ್ಲ. ಅಂಥವನಿಗೆ ‘ದಡ್ಡ’, ‘ಕಳ್ಳಬುದ್ಧಿಯವನು’ ಎಂಬ ಬಿರುದುಗಳು ಬರುವುದಕ್ಕೆ ತಡವಾಗದು. ಹೊಳೆನರಸೀಪುರದ ಕಡೆಯ ಒಂದು ಹಳ್ಳಿಯಲ್ಲಿ ಇಂಥ ಬಾಲಕನೊಬ್ಬನು ಕನ್ನಡಕ ಹಾಕಿಕೊಂಡು ಶಾಲೆಗೆ ಬಂದ ದಿನ, ಆವರಣದ ತೆಂಗಿನ ಮರಕ್ಕೆ ಗರಿಗಳು ಬಿಡಿಬಿಡಿಯಾಗಿ ಇರುವುದನ್ನು ಕಂಡು ಪಾಠದ ನಡುವೆ ಎದ್ದು ನಿಂತು ಹೇಳಿದುದುಂಟು. ಅದುವರೆಗೆ ಅವನಿಗೆ ಅದು ಹಸುರು ಮುದ್ದೆಯಾಗಿ ಮಾತ್ರ ಕಾಣುತ್ತಿದ್ದಿತು.

ಸಂಖ್ಯೆಗಳನ್ನು ಸ್ಥಾಲೀಪುಲಾಕನ್ಯಾಯದಿಂದ ಒಂದೆರಡು ಹೇಳುವುದಾದರೆ: ೨೦೦೨ರಲ್ಲಿ ಪ್ರಕಟವಾದ ಎರಡು ಸಮೀಕ್ಷೆಗಳಲ್ಲಿ, ನಮ್ಮ ರಾಯಚೂರಿನ ನೆರೆಯ ಮಹಬೂಬನಗರದ ಹಳ್ಳಿಗಳ ಮಕ್ಕಳೊಳಗೆ ಸಮೀಪದೃಷ್ಟಿಯು ನೂರಕ್ಕೆ ೪.೧ರಷ್ಟೂ, ದೆಹಲಿಯ ಮಕ್ಕಳೊಳಗೆ ೭.೪ರಷ್ಟೂ ಕಂಡುಬಂದಿತು. ೨೦೧೫ರಲ್ಲಿ ಪ್ರಕಟವಾದ ಮತ್ತೊಂದು ಸಮೀಕ್ಷೆಯಲ್ಲಿ ದೆಹಲಿಯ ಶಾಲಾಮಕ್ಕಳೊಳಗೆ ಅದು ೧೩.೧ ಆಗಿತ್ತು. ೨೦೫೦ರ ಹೊತ್ತಿಗೆ ಲೋಕದ ಜನರಲ್ಲಿ ಅರ್ಧದಷ್ಟು ಮಂದಿ ಸಮೀಪದೃಷ್ಟಿಯವರಾಗಬಹುದೆಂದು ೨೦೧೬ರಲ್ಲಿ ತಜ್ಞರು ಅಂದಾಜುಮಾಡಿದರು.

೫. ಪಟಲಗಳಲ್ಲಿ ಆಗುವ ವಿಕಾರ

ಹುಟ್ಟಿದ ಶಿಶುವಿನ ನೇತ್ರಗೋಲವು ಹಿಂದುಮುಂದಾಗಿ ಸುಮಾರು ೧೭ ಮಿಲಿಮೀಟರು ಉದ್ದವಿರುತ್ತದೆ. ಮೊದಲ ಮೂರು ವರ್ಷಗಳಲ್ಲಿ ಬೇಗಬೇಗನೆಯೂ, ಆಮೇಲೆ ನಿಧಾನವಾಗಿಯೂ ಬೆಳೆದು, ಪ್ರೌಢನಲ್ಲಿ ಸುಮಾರು ೨೪ ಮಿಲಿಮೀಟರಿಗೆ ನಿಲ್ಲುವುದು. ಗೋಲವು ಉದ್ದವಾದಂತೆ ಒಳಗಿನ ಮಸೂರವು ಚಪ್ಪಟೆಯಾಗುತ್ತಾ, ಬಿಂಬವು ಸರಿಯಾಗಿ ಅಕ್ಷಿಪಟಲದ ಮೇಲೆಯೇ ಬೀಳುವಂತೆ ಹೊಂದಿಕೊಳ್ಳುವುದು. ಈ ಹೊಂದಾಣಿಕೆಯು ತಪ್ಪಿ, ಗೋಲವು ನಿಲ್ಲಬೇಕಾದಲ್ಲಿ ನಿಲ್ಲದೆ ಬೆಳೆದರೆ ಸಮೀಪದೃಷ್ಟಿಯು ಉಂಟಾಗುವುದು. ಒಂದು ಮಿಲಿಮೀಟರು, ಅಂದರೆ ಸಣ್ಣ ರಾಗಿಕಾಳಿನಷ್ಟು ಹೆಚ್ಚಿದರೆ ಕನ್ನಡಕದವರು ‘ಪವರ್’ ಎನ್ನುವ ಡಯಾಪ್ಟರಿನ ಲೆಕ್ಕದಲ್ಲಿ ಸುಮಾರು ಎರಡೂವರೆ ಏರುವುದು. ಏಳೆಂಟನೆಯ ವಯಸ್ಸಿನಲ್ಲಿ ಪ್ರಾರಂಭವಾದವರಿಗೆ ಹದಿನೈದು ಹದಿನಾರರವರೆಗೂ ಏರುತ್ತ ಹೋಗುವುದು ಸಾಮಾನ್ಯ. ಆದುದರಿಂದ ಎಷ್ಟು ಬೇಗ ಪ್ರಾರಂಭವೋ ಕೊನೆಗೆ ಅಷ್ಟು ಹೆಚ್ಚು.

ಗೋಲಕ್ಕೆ ಮುಖ್ಯವಾಗಿ ಮೂರು ಹೊದಿಕೆಗಳು. ಹೊರಗಿನದು ಬಿಳಿಯ ಗಟ್ಟಿಪಟಲ. ಕಣ್ಣುಗುಡ್ಡೆಯ ಬಿಳಿಭಾಗವಾಗಿ ನಮಗೆ ಕಾಣುವುದು ಇದೇ. ನಡುವಿನದು ರಕ್ತನಾಳಗಳಿಂದ ತುಂಬಿದ ರಕ್ತಪಟಲ. ಕಣ್ಣಿಗೆ ಅನ್ನವನ್ನು ಒದಗಿಸುವುದು ಇದರ ಕೆಲಸ. ಒಳಗಿನದು ಬಿಂಬವನ್ನು ಗ್ರಹಿಸುವ ಅಕ್ಷಿಪಟಲ. ದೋಷವು ಏರುತ್ತಿರುವ ಮಗುವಿನಲ್ಲಿ ಈ ಮೂರೂ ಬದಲಾಗುವುವು.

ಗಟ್ಟಿಪಟಲವು ನೂಲಿನಂಥ ತಂತುಗಳ ಹಾಸುಗಳಿಂದ ನೆಯ್ದ ಬಟ್ಟೆಯಂತಿದೆ. ಹಿಂಭಾಗದಲ್ಲಿ ಇದರ ದಪ್ಪವು ಸುಮಾರು ಒಂದು ಮಿಲಿಮೀಟರು. ಸಮೀಪದೃಷ್ಟಿಯು ಹೆಚ್ಚುವಾಗ ಅಲ್ಲಿ ಹೊಸ ತಂತುಗಳ ಉತ್ಪತ್ತಿ ಕಡಮೆಯಾಗಿ, ಇದ್ದುದರ ಕರಗುವಿಕೆ ಹೆಚ್ಚಿ, ತಂತುಗಳು ಸಣ್ಣವಾಗಿ, ಹಾಸುಗಳು ಒಂದರ ಮೇಲೊಂದು ಜಾರತೊಡಗುವುವು. ರಬ್ಬರನ್ನು ಎಳೆದಂತೆ ಕೇವಲ ಎಳೆತವಲ್ಲ ಇದು, ನೆಯ್ಗೆಯೇ ಸಡಿಲಗೊಳ್ಳುವುದು. ದೋಷವು ಅತಿಯಾದ ವಯಸ್ಕರಲ್ಲಿ ಇದರ ದಪ್ಪವು ಮೂರರಲ್ಲಿ ಒಂದು ಪಾಲಿಗೆ ಇಳಿಯುವುದೂ ಉಂಟು. ಸ್ಕಾರ್ಪನು ಕಂಡ ಚೀಲದಂಥ ಉಬ್ಬು ಹುಟ್ಟುವುದು ಇಂಥ ದುರ್ಬಲಸ್ಥಾನದಲ್ಲಿಯೇ.

ರಕ್ತಪಟಲದ ವಿಚಾರವು ಇನ್ನೂ ಸೂಕ್ಷ್ಮವಾದುದು. ಬೆಳಕಿನ ಕಿರಣದಿಂದಲೇ ಪಟಲಗಳ ಅಡ್ಡಕೊಯ್ತದ ಚಿತ್ರವನ್ನು ತೆಗೆಯುವ ‘ಓಸಿಟಿ’ ಎಂಬ ಯಂತ್ರವು ೧೯೯೧ರಲ್ಲಿ ಪ್ರಕಟವಾದ ಮೇಲೆ, ಮಗುವಿಗೆ ನೋವಿಲ್ಲದೆ ಇದನ್ನು ಅಳೆಯುವುದು ಕ್ರಮೇಣ ಸಾಧ್ಯವಾಯಿತು. ಸಮೀಪದೃಷ್ಟಿಯು ಏರುವ ಮಕ್ಕಳಲ್ಲಿ ರಕ್ತಪಟಲವು ತೆಳುವಾಗುತ್ತದೆ. ವೈದ್ಯನು ಒಳತಳವನ್ನು ನೋಡಿದಾಗ, ತೆಳುವಾದ ಹೊದಿಕೆಯ ಮೂಲಕ ಕೆಳಗಿನ ದೊಡ್ಡ ನಾಳಗಳು ಹುಲಿಯ ಚರ್ಮದ ಪಟ್ಟೆಗಳಂತೆ ಕಾಣುವುವು. ದೃಷ್ಟಿನರವು ಹೊರಡುವ ಸ್ಥಳದ ಪಕ್ಕದಲ್ಲಿ ಹೊದಿಕೆಗಳು ಹಿಂಜರಿದು, ಬಿದಿಗೆಯ ಚಂದ್ರನಂಥ ಬಿಳಿಯ ಕಲೆಯೊಂದು ಮೂಡುವುದು. ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವುದು ಈ ಎರಡೇ. ಇವುಗಳಿಂದ ನೋಟಕ್ಕೆ ತತ್ಕಾಲದಲ್ಲಿ ಹಾನಿಯಿಲ್ಲ.

ಹಾಗಾದರೆ ಭಯವೇಕೆ? ಅಪಾಯವು ಮುಂದಿನ ವಯಸ್ಸಿಗೆ ಕಾದಿರುವುದರಿಂದ. ಎಳೆದು ತೆಳುವಾದ ಪಟಲಗಳಲ್ಲಿ ನಡುವಯಸ್ಸಿನ ಹೊತ್ತಿಗೆ ಬಿರುಕುಗಳು ಮೂಡಬಹುದು. ರಕ್ತಪಟಲವು ಅಲ್ಲಲ್ಲಿ ಒಣಗಬಹುದು. ಬಿರುಕಿನಿಂದ ಹೊಸ ನಾಳಗಳು ಒಡೆದು ನೋಟದ ನಡುಭಾಗವನ್ನೇ ಕೆಡಿಸಬಹುದು. ಅಕ್ಷಿಪಟಲವು ಹರಿದು ಕಳಚಿಬೀಳಬಹುದು. ಋಣ ೬ ಡಯಾಪ್ಟರನ್ನು ಮೀರಿದವರಿಗೆ ಈ ಭಯವು ವಿಶೇಷ. ಇಂಥ ಹಾನಿಯನ್ನು ಹೊಂದಿದ ವಯಸ್ಕರ ಬಾಲ್ಯಕಾಲದ ನೇತ್ರಚಿತ್ರಗಳನ್ನು ಜಪಾನಿನ ತೋಕಿಯೋ ನಗರದ ವೈದ್ಯರು ಹುಡುಕಿ ಪರಿಶೀಲಿಸಿ ೨೦೧೬ರಲ್ಲಿ ವರದಿಮಾಡಿದರು. ಅವರಲ್ಲಿ ಬಹುಮಂದಿಗೆ ದೃಷ್ಟಿನರದ ಸುತ್ತ ರಕ್ತಪಟಲವು ವಿಸ್ತಾರವಾಗಿ ತೆಳುವಾಗಿದ್ದುದು ಬಾಲ್ಯದಲ್ಲಿಯೇ ಕಂಡುಬಂದಿತ್ತು. ಐವತ್ತರಲ್ಲಿ ಕಾಣುವ ಕೇಡಿನ ಬೀಜವು ಹತ್ತರಲ್ಲಿಯೇ ಬಿದ್ದಿರುವುದೆಂದಾಯಿತು.

೬. ಬೆಳವಣಿಗೆಯನ್ನು ನಡೆಸುವವರಾರು?

ಗೋಲವು ಎಲ್ಲಿ ನಿಲ್ಲಬೇಕೆಂಬುದನ್ನು ನಿರ್ಣಯಿಸುವುದು ಯಾವುದು? ತಂದೆತಾಯಿಗಳಿಂದ ಬಂದ ವಂಶಗುಣವು ಒಂದು ಕಾರಣವೆಂಬುದು ಸತ್ಯ. ಇಬ್ಬರಿಗೂ ದೋಷವಿದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು. ಆದರೆ ವಂಶವೊಂದರಿಂದಲೇ ಎಲ್ಲವೂ ತೀರದು. ಅಲಾಸ್ಕದ ಬ್ಯಾರೋ ಎಂಬಲ್ಲಿ ೧೯೬೯ರಲ್ಲಿ ವರದಿಯಾದ ಪರೀಕ್ಷೆಯಲ್ಲಿ, ಬೇಟೆಯಿಂದ ಜೀವಿಸಿದ್ದ ಹಿರಿಯ ಪೀಳಿಗೆಯವರೊಳಗೆ ಸಮೀಪದೃಷ್ಟಿಯು ಅತಿವಿರಳ. ಶಾಲೆಗೆ ಹೋದ ಅವರ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಅದಿತ್ತು. ಒಂದು ತಲೆಮಾರಿನಲ್ಲಿ ರಕ್ತವು ಬದಲಾಗುವುದಿಲ್ಲ, ಬಾಳು ಬದಲಾಗುವುದು. ಇಸ್ರೇಲಿನಲ್ಲಿ ೧೯೯೩ರಲ್ಲಿ ಕಂಡುದು ನಮ್ಮ ಪಾಠಶಾಲೆಗಳಲ್ಲಿ ಓದಿದವರಿಗೆ ವಿಶೇಷವಾಗಿ ನಾಟುವಂಥದು. ಬಾಲ್ಯದಿಂದಲೇ ದಿನವೆಲ್ಲ ಧರ್ಮಗ್ರಂಥಗಳನ್ನು ಕಣ್ಣಿಗೆ ಹಿಡಿದು ಓದುವ ಶಾಲೆಗಳ ಗಂಡುಮಕ್ಕಳಲ್ಲಿ ಸಮೀಪದೃಷ್ಟಿಯು ಅತ್ಯಧಿಕ. ಅದೇ ಮತದ ಹೆಣ್ಣುಮಕ್ಕಳಲ್ಲಿ ಅಷ್ಟಿಲ್ಲ.

ಒಳಗಿನ ಮರ್ಮವು ತಿಳಿದುದು ಪ್ರಾಣಿಗಳಿಂದ. ೧೯೭೭ರಲ್ಲಿ ವೀಸೆಲ್ ಮತ್ತು ರವಿಯೋಲ ಎಂಬವರು ರೆಪ್ಪೆಯನ್ನು ಹೊಲಿದ ಕೋತಿಮರಿಯ ಕಣ್ಣು ಉದ್ದವಾಗಿ ಬೆಳೆಯುವುದನ್ನು ಕಂಡರು. ೧೯೭೮ರಿಂದ ಜೋಶ್ ವಾಲ್ಮನ್ ಮತ್ತು ಆತನ ಸಂಗಡಿಗರು ಕೋಳಿಮರಿಗಳ ಮೇಲೆ ಪ್ರಯೋಗಗಳನ್ನು ನಡೆಸಿದರು. ಕಣ್ಣಿನ ಅರ್ಧಭಾಗಕ್ಕೆ ಮಾತ್ರ ಮಬ್ಬು ಕವಿಯುವಂತೆ ಮಾಡಿದರೆ ಗೋಲದ ಆ ಅರ್ಧಭಾಗವೇ ಉದ್ದವಾಗುತ್ತಿತ್ತು. ಮಿದುಳಿಗೆ ಹೋಗುವ ನರವನ್ನು ಕತ್ತರಿಸಿದರೂ ಇದು ನಿಲ್ಲಲಿಲ್ಲ. ಎಂದರೆ, ಅಕ್ಷಿಪಟಲವು ತಾನು ಕಂಡುದಕ್ಕೆ ತಕ್ಕಂತೆ ತಾನೇ ರಕ್ತಪಟಲಕ್ಕೂ ಗಟ್ಟಿಪಟಲಕ್ಕೂ ‘ಬೆಳೆ’, ‘ನಿಲ್ಲು’ ಎಂಬ ಆಜ್ಞೆಯನ್ನು ಕಳುಹಿಸುವುದು. ನೋಟವು ಕಣ್ಣಿನಿಂದ ಹುಟ್ಟುವುದೆಂದು ನಾವು ಬಲ್ಲೆವು. ಕಣ್ಣಿನ ಆಕಾರವು ನೋಟದಿಂದ ರೂಪುಗೊಳ್ಳುವುದೆಂಬುದು ಹೊಸದಾಗಿ ತಿಳಿದ ಸಂಗತಿ.

೭. ಬೆಳಕೆಂಬ ಔಷಧ

ಸಿಡ್ನಿ ನಗರದ ಮಕ್ಕಳನ್ನು ಪರೀಕ್ಷಿಸಿದವರು ೨೦೦೮ರಲ್ಲಿ, ಹೊರಗೆ ಬಯಲಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿಯು ಕಡಮೆಯೆಂದು ತೋರಿಸಿದರು. ಗುಣವು ಆಟಕ್ಕಲ್ಲ, ಬಯಲಿಗೆ. ಒಳಾಂಗಣದ ಆಟದಿಂದ ಆ ಫಲ ಕಾಣಲಿಲ್ಲ. ಚೀನದ ಗ್ವಾಂಗ್‌ಝೌ ನಗರದಲ್ಲಿ ಕೆಲವು ಶಾಲೆಗಳ ಮಕ್ಕಳನ್ನು ದಿನಕ್ಕೆ ೪೦ ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟು ಮೂರು ವರ್ಷ ಕಾದು ನೋಡಿದರು. ೨೦೧೫ರಲ್ಲಿ ಪ್ರಕಟವಾದ ಫಲದಂತೆ, ಆ ಶಾಲೆಗಳಲ್ಲಿ ಹೊಸದಾಗಿ ದೋಷ ಬಂದವರು ನೂರಕ್ಕೆ ೩೦, ಇತರ ಶಾಲೆಗಳಲ್ಲಿ ಹತ್ತಿರ ಹತ್ತಿರ ೪೦. ತೈವಾನಿನಲ್ಲಿ ಶಾಲಾಮಕ್ಕಳು ದಿನಕ್ಕೆ ೧೨೦ ನಿಮಿಷ ಹೊರಗಿರಬೇಕೆಂಬ ಕಾರ್ಯಕ್ರಮವು ೨೦೧೦ರಿಂದ ನಡೆದಿದೆ. ನಾವು ಸಾಕಷ್ಟು ಬೆಳಕಿದೆಯೆಂದುಕೊಳ್ಳುವ ಕೊಠಡಿಯಲ್ಲಿ ಬೆಳಕಿನ ಪ್ರಮಾಣವು ಕೆಲವು ನೂರು ಲಕ್ಸ್, ಮರದ ನೆರಳಿನಲ್ಲಿಯೇ ಅದು ಹಲವು ಸಾವಿರ, ಬಿಸಿಲಿನಲ್ಲಿ ಲಕ್ಷದವರೆಗೆ. ಪ್ರಖರವಾದ ಬೆಳಕು ಬಿದ್ದಾಗ ಅಕ್ಷಿಪಟಲದಲ್ಲಿ ಡೋಪಮೀನ್ ಎಂಬ ರಸವು ಸ್ರವಿಸಿ, ಗೋಲದ ಅತಿಬೆಳವಣಿಗೆಗೆ ತಡೆಯಾಗುವುದೆಂದು ಪ್ರಾಣಿಪ್ರಯೋಗಗಳಿಂದ ತಜ್ಞರು ಊಹಿಸುತ್ತಾರೆ. ಕೂಲಿಮಠದ ಜಗಲಿಯನ್ನೂ ಶಿಲ್ಪಿಗಳ ಬಯಲನ್ನೂ ಮೇಲೆ ಹೇಳಿದುದು ಇದಕ್ಕಾಗಿಯೇ.

ಅರಕಲಗೂಡಿಗೆ ಅರ್ಕಪುರಿಯೆಂದು ಹೆಸರಿದ್ದಿತೆಂದೂ, ಗೌತಮಮುನಿಯು ಅಲ್ಲಿ ಅರ್ಕೇಶ್ವರನನ್ನು ಸ್ಥಾಪಿಸಿದನೆಂದೂ ಐತಿಹ್ಯವುಂಟು. ಅರ್ಕನೆಂದರೆ ಸೂರ್ಯ, ಚಕ್ಷುರಿಂದ್ರಿಯಕ್ಕೆ ಅಧಿದೇವತೆಯೂ ಆತನೇ. ಆತನನ್ನು ನೇರವಾಗಿ ನೋಡುವುದು ಕಣ್ಣಿಗೆ ಅಪಾಯಕರ, ಅದನ್ನು ಮಾಡಲಾಗದು. ಆತನ ಬೆಳಕಿನಲ್ಲಿ ಮಕ್ಕಳು ದಿನಕ್ಕೆ ಎರಡು ಗಂಟೆಯ ಕಾಲ ಇರುವುದು ಸಾಕು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಬಿಸಿಲಿಗೂ ಬಯಲಿಗೂ ಬಡತನವಿಲ್ಲ. ಬಡತನವಿರುವುದು ಮಕ್ಕಳ ಬಿಡುವಿಗೆ. ಶಾಲೆಯಿಂದ ಮನೆಪಾಠಕ್ಕೆ, ಮನೆಪಾಠದಿಂದ ಮೊಬೈಲಿಗೆ ಹೋಗುವ ಮಗುವಿಗೆ ಸಂಜೆಯೇ ಇಲ್ಲದಂತಾಗಿದೆ.

ಆದರೂ ಬಯಲು ದೋಷದ ಪ್ರಾರಂಭವನ್ನು ತಡೆಯುವುದರಲ್ಲಿ ಬಲವುಳ್ಳದ್ದೇ ಹೊರತು, ಬಂದುದನ್ನು ಇಳಿಸಲಾರದು. ಏರಿಕೆಯನ್ನು ನಿಧಾನಗೊಳಿಸಲು ಅಟ್ರೋಪೀನಿನ ಅತ್ಯಲ್ಪಪ್ರಮಾಣದ ಹನಿಗಳು ಉಪಯುಕ್ತವೆಂದು ಸಿಂಗಪುರದಲ್ಲಿ ೨೦೧೨ರಲ್ಲಿಯೂ ಹಾಂಗ್‌ಕಾಂಗಿನಲ್ಲಿ ೨೦೧೯ರಲ್ಲಿಯೂ ಪ್ರಕಟವಾದ ಪರೀಕ್ಷೆಗಳು ತೋರಿಸಿದುವು. ನಮ್ಮ ಹಿತ್ತಲಿನ ಉಮ್ಮತ್ತಿಯಲ್ಲಿಯೂ ಇದೇ ಜಾತಿಯ ವಿಷವಿರುವುದರಿಂದ, ನಾಟಿಮದ್ದೆಂದು ಅದನ್ನು ಯಾರೂ ಕಣ್ಣಿಗೆ ಹಿಂಡಬಾರದೆಂದು ಎಚ್ಚರಿಸಬೇಕಾಗಿದೆ. ಇದು ನೇತ್ರವೈದ್ಯರ ಕೈಯಲ್ಲಿಯೇ ಆಗತಕ್ಕ ಕೆಲಸ.

ಕೊನೆಯದಾಗಿ ಎರಡು ತಪ್ಪುನಂಬಿಕೆಗಳ ಮಾತು. ಕನ್ನಡಕ ಹಾಕಿದರೆ ಕಣ್ಣು ಇನ್ನೂ ಕೆಡುವುದೆಂದು ಅನೇಕರು ಹೆದರುತ್ತಾರೆ. ಬೇಕಾದುದಕ್ಕಿಂತ ಕಡಮೆ ಶಕ್ತಿಯ ಗಾಜನ್ನು ಕೊಟ್ಟು ಮಲೇಷಿಯದಲ್ಲಿ ಪರೀಕ್ಷೆಮಾಡಿದಾಗ ದೋಷವು ನಿಧಾನವಾಗುವ ಬದಲು ಇನ್ನೂ ಬೇಗ ಏರಿತೆಂದು ೨೦೦೨ರಲ್ಲಿಯೇ ವರದಿಯಾಗಿದೆ. ಹೆಣ್ಣುಮಗುವಿಗೆ ಕನ್ನಡಕ ಹಾಕಿಸಿದರೆ ಮದುವೆಗೆ ತೊಂದರೆಯೆಂಬುದು ಎರಡನೆಯದು. ಓದುವ ಹುಡುಗಿಯನ್ನು ಮಬ್ಬಿನಲ್ಲಿ ಕೂರಿಸಿ ಮುಂದೆ ಸುಖವನ್ನು ಬಯಸುವುದು ಬೇರಿಗೆ ನೀರೆರೆಯದೆ ಹಣ್ಣನ್ನು ಬಯಸಿದಂತೆ.

ಕಾಲವು ಈಗ ಅನುಕೂಲವಾಗಿದೆ. ೨೦೦೬ರಲ್ಲಿ ಸ್ಥಾಪಿತವಾದ ವೈದ್ಯಕೀಯ ಕಾಲೇಜು ಹಾಸನದಲ್ಲಿಯೇ ಇದೆ. ೨೦೧೩ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮೂಲಕ ಶಾಲೆಯಲ್ಲಿಯೇ ಮಕ್ಕಳ ತಪಾಸಣೆ ನಡೆಯುವ ಏರ್ಪಾಡಿದೆ. ಆದರೂ ಮಗುವನ್ನು ದಿನವೂ ನೋಡುವವರು ತಂದೆತಾಯಿಗಳು ಮತ್ತು ಉಪಾಧ್ಯಾಯರು. ಮಗುವು ಕಣ್ಣು ಕಿರಿದುಮಾಡಿ ನೋಡಿದರೆ, ಪುಸ್ತಕವನ್ನು ಮೂಗಿನ ಬಳಿಗೆ ತಂದರೆ, ಹಲಗೆಯ ಲೆಕ್ಕವನ್ನು ತಪ್ಪಾಗಿ ಬರೆದುಕೊಂಡರೆ, ಬೈಯುವುದಕ್ಕೆ ಮೊದಲು ಕಣ್ಣನ್ನು ಪರೀಕ್ಷೆಮಾಡಿಸಲಿ. ಕನ್ನಡಕವು ಬಂದ ಮೇಲೆ ಪ್ರತಿವರ್ಷವೂ ಅಳತೆಯನ್ನು ನೋಡಿಸಲಿ. ದೋಷವು ಬೇಗಬೇಗ ಏರುತ್ತಿದ್ದರೆ ಒಳತಳವನ್ನೂ ಗೋಲದ ಉದ್ದವನ್ನೂ ಪರೀಕ್ಷಿಸಬೇಕೆಂದು ವೈದ್ಯರನ್ನು ಕೇಳಲಿ. ಓದು ನಿಲ್ಲಬೇಕಾಗಿಲ್ಲ, ಓದಿನ ನಡುವೆ ಮಗುವು ಅಂಗಳಕ್ಕೆ ಇಳಿಯಬೇಕು. ಇಷ್ಟನ್ನು ವಾಚಕಮಹಾಶಯರ ಅವಗಾಹನೆಗೆ ತಂದು ವಿರಮಿಸುತ್ತೇನೆ.